ಮೇಲೆ ಅನುಮಪ್ಪ, ಕೆಳಗೆ ಹನುಮಪ್ಪ

ಚುನಾವಣಾ ಶಾಖೆಗೆ ಹೊಸದಾಗಿ ಬಂದವರನ್ನು ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಅಕ್ಷರಮಾಲೆ ಬರುತ್ತದೆಯೇ? ನಗಬೇಡಿ. ಎಂ.ಎ. ಮಾಡಿದವರು, ಕಂಪ್ಯೂಟರ್ ಕಲಿತವರು ನನ್ನೆದುರು ಕೂತು ಶ ಮೊದಲೋ ಸ ಮೊದಲೋ, ಕ್ಷ ಎಲ್ಲಿಗೆ ಸೇರುತ್ತದೋ ಎಂದು ತಲೆ ಕೆರೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ. ಚುನಾವಣೆ ಎಂದರೆ ಭಾಷಣ, ಮೆರವಣಿಗೆ, ಮೈಕು ಎಂದುಕೊಂಡವರು ಹೊರಗಿನವರು. ಒಳಗೆ ಕೂತವರಿಗೆ ಅದು ಹೆಸರುಗಳ ಕೆಲಸ. ಯಾರ ಹೆಸರು ಪಟ್ಟಿಯಲ್ಲಿದೆ, ಅದನ್ನು ಹೇಗೆ ಬರೆದಿದೆ, ಯಾರ ಕೆಳಗೆ ಯಾರು ಬರುತ್ತಾರೆ, ಇಷ್ಟೇ. ಮತಪತ್ರದಲ್ಲಿ ಪಕ್ಷದ ಅಭ್ಯರ್ಥಿಗಳು ಮೇಲೆ, ಪಕ್ಷೇತರರು ಕೆಳಗೆ, ಆಯಾ ಗುಂಪಿನೊಳಗೆ ಅಕ್ಷರಮಾಲೆಯ ಕ್ರಮ. ಈ ಕ್ರಮ ತಪ್ಪದಂತೆ ಕಾಯುವುದರಲ್ಲೇ ನನ್ನ ಸರ್ವೀಸು ಮುಗಿಯಿತು.

ಬಡ್ತಿಯ ಕಥೆ ಹೇಳುವುದಿಲ್ಲ. ಬಂಗಾರಪೇಟೆ ತಾಲ್ಲೂಕು ಕಚೇರಿಗೆ ಗುಮಾಸ್ತೆಯಾಗಿ ಸೇರಿದೆ, ಶಿರಸ್ತೇದಾರಳಾಗಿ ಹೊರಗೆ ಬಂದೆ. ನಡುವೆ ಬೇರೆ ಬೇರೆ ಶಾಖೆಗೆ ಹಾಕಿದರೂ ಚುನಾವಣೆ ಬಂತೆಂದರೆ ರತ್ನಮ್ಮನ್ನ ಕರೀರಿ ಎನ್ನುತ್ತಿದ್ದರು. ದಾಖಲೆಯಲ್ಲಿ ನಾನು ನಾಗರತ್ನಮ್ಮ, ಊರಿಗೆಲ್ಲ ಎಲೆಕ್ಷನ್ ರತ್ನಮ್ಮ. ಹುಟ್ಟಿದ್ದು ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ, ಮದುವೆಯಾಗಿ ಸೇರಿದ್ದು ಆಂಡರ್ಸನ್‌ಪೇಟೆಗೆ. ಮನೆಯೊಳಗೆ ತೆಲುಗು, ನೀರಿನ ಸಾಲಿನಲ್ಲಿ ತಮಿಳು, ಕಡತದಲ್ಲಿ ಕನ್ನಡ. ಬೆಳಗಿನ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿಯುವಷ್ಟರಲ್ಲಿ ಮೂರು ಭಾಷೆಯಲ್ಲೂ ಒಂದೊಂದು ಜಗಳ ಆಡಿರುತ್ತಿದ್ದೆ.

ನಮ್ಮ ಕ್ಷೇತ್ರದಲ್ಲಿ ಅರ್ಧ ಹಳ್ಳಿ, ಅರ್ಧ ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಸಾಲುಮನೆಗಳ ಲೈನುಗಳು. ಹಳ್ಳಿಯವರ ನಾಲಿಗೆಗೆ ಹ ಹತ್ತುವುದಿಲ್ಲ. ಹೋಗು ಎನ್ನುವುದಿಲ್ಲ, ಓಗು. ಹಾಲಲ್ಲ, ಆಲು. ಹೆಸರನ್ನೇ ಎಸ್ರು ಎನ್ನುವವರು. ಲೈನುಗಳ ತಮಿಳರಿಗೆ ಹನುಮಂತನೂ ಅನುಮಾನ್ ಆಗಿಯೇ ದೇವರು. ಹೀಗಾಗಿ ಹ ಎಂಬ ಅಕ್ಷರ ನಮ್ಮ ಕಡೆ ಬರೆಯುವುದಕ್ಕೆ ಮಾತ್ರ ಇರುವುದು, ಆಡುವುದಕ್ಕಲ್ಲ. ಇದು ಭಾಷಾಶಾಸ್ತ್ರದ ಮಾತು ಎಂದು ನೀವು ಪಕ್ಕಕ್ಕಿಡಬೇಡಿ. ಈ ಒಂದು ಅಕ್ಷರದಿಂದ ಒಬ್ಬ ಶಾಸಕರು ಗೆದ್ದದ್ದನ್ನೂ ಸೋತದ್ದನ್ನೂ ನಾನು ನೋಡಿದ್ದೇನೆ, ಸೋತದ್ದರಲ್ಲಿ ನನ್ನ ಪಾಲೂ ಇದೆ.

ಅವರ ಮೊದಲ ಚುನಾವಣೆಯೂ ಚುನಾವಣಾ ಶಾಖೆಯಲ್ಲಿ ನನ್ನ ಮೊದಲ ಚುನಾವಣೆಯೂ ಒಂದೇ. ಅವರಾಗ ಹಳ್ಳಿಯ ಹಾಲಿನ ಡೈರಿಯ ಕಾರ್ಯದರ್ಶಿ. ಹೊಸ ಬಿಳಿ ಅಂಗಿ, ಹಳೇ ಸೈಕಲ್ಲು. ಪಕ್ಷದ ಹಿರಿಯರು ಇಬ್ಬರು ಟಿಕೆಟಿಗೆ ಕಿತ್ತಾಡಿ, ಕೊನೆಗೆ ಇಬ್ಬರಿಗೂ ಬೇಡ ಎಂದು ಇವರಿಗೆ ಕೊಟ್ಟಿದ್ದರಂತೆ. ನಾಮಪತ್ರವನ್ನು ತಮ್ಮ ಕೈಯಲ್ಲೇ ತುಂಬಿದರು. ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಬರೆದರು: ಅನುಮಪ್ಪ.

ಮತದಾರರ ಪಟ್ಟಿಯಲ್ಲಿ ಅವರ ಹೆಸರಿದ್ದದ್ದು ಹನುಮಪ್ಪ ಎಂದು. ನಾಮಪತ್ರ ಪರಿಶೀಲನೆಯ ದಿನ ಎದುರು ಪಕ್ಷದ ಅಭ್ಯರ್ಥಿ ಎದ್ದು ನಿಂತರು. ಅವರು ಮಂಡಿ ಸಾಹುಕಾರರು, ದೊಡ್ಡ ದನಿ. "ಪಟ್ಟಿಯಾಗೆ ಇರೋನು ಬ್ಯಾರೆ, ಅರ್ಜಿ ಆಕಿರೋನು ಬ್ಯಾರೆ. ಈ ನಾಮಪತ್ರ ನಡೆಯಾಕಿಲ್ಲ ಸಾರ್" ಎಂದರು.

ಚುನಾವಣಾಧಿಕಾರಿಗಳು ಮಂಗಳೂರು ಕಡೆಯವರು. ಅವರ ಕನ್ನಡದಲ್ಲಿ ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಕೇಳುತ್ತಿತ್ತು. ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡಿದರು, ಕನ್ನಡಕ ತೆಗೆದು ಒರೆಸಿದರು. "ಎಂಥದಿದು? ಹೆಸರೇ ಬೇರೆ ಉಂಟಲ್ಲ" ಎಂದು ನನ್ನ ಕಡೆ ತಿರುಗಿದರು. ನಾಮಪತ್ರ ಬಿದ್ದುಹೋದರೆ ಆ ಮನುಷ್ಯನ ಕಥೆ ಅಲ್ಲಿಗೇ ಮುಗಿಯಿತು. ನಾನು ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ಬಾಯಿ ಮಾತ್ರ ಆಗಲೇ ದೊಡ್ಡದು.

"ಸಾರ್, ಆಕ್ಷೇಪಣೆ ಮಾಡಿದವರ ಕೈಯಲ್ಲೇ ಎರಡೂ ಹೆಸರನ್ನ ಜೋರಾಗಿ ಓದಿಸಿ" ಎಂದೆ.

ಸಾಹುಕಾರರು ಹುರುಪಿನಿಂದ ಕಾಗದ ತೆಗೆದುಕೊಂಡರು. ಮೊದಲನೆಯದಕ್ಕೆ ಬೆರಳಿಟ್ಟು "ಇದು ಅನುಮಪ್ಪ" ಎಂದರು. ಎರಡನೆಯದಕ್ಕೆ ಬೆರಳಿಟ್ಟು ಇನ್ನೂ ಜೋರಾಗಿ "ಇದು ಅನುಮಪ್ಪ" ಎಂದರು. ಆಮೇಲೆ ಸುತ್ತ ನೋಡಿದರು. ಕೊಠಡಿಯೆಲ್ಲ ನಗು. ಅವರ ವಕೀಲರೇ ಮುಖಕ್ಕೆ ಕಡತ ಅಡ್ಡ ಹಿಡಿದುಕೊಂಡರು. ಚುನಾವಣಾಧಿಕಾರಿಗಳು "ಸರಿ, ಇಲ್ಲಿ ಇದು ಒಂದೇ ಹೆಸರು" ಎಂದು ಬರೆದು ನಾಮಪತ್ರ ಅಂಗೀಕರಿಸಿದರು.

ಅನುಮಪ್ಪನವರು ಗೆದ್ದರು. ಗೆದ್ದದ್ದಕ್ಕೆ ಅವರು ಕೊಟ್ಟ ಕಾರಣ ನೂರಿರಬಹುದು, ನನ್ನ ಲೆಕ್ಕದಲ್ಲಿ ಒಂದು ಕಾರಣ ಅ. ಹ ಎಂದು ಬರೆದಿದ್ದರೆ ಅವರ ಹೆಸರು ಪಕ್ಷದವರಲ್ಲಿ ಕಡೆಗೆ ಹೋಗುತ್ತಿತ್ತು. ಅ ಆದದ್ದರಿಂದ ಮತಪತ್ರದ ನೆತ್ತಿಯಲ್ಲಿ ಕೂತಿತು. ಅವರಿಗೂ ಇದು ಗೊತ್ತಾಗಿ, ಗೆದ್ದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಪಟ್ಟಿಯಲ್ಲಿ ತಮ್ಮ ಹೆಸರನ್ನು ಅನುಮಪ್ಪ ಎಂದು ತಿದ್ದಿಸಿಕೊಂಡದ್ದು. ಮುಂದಿನ ಚುನಾವಣೆಗಳಲ್ಲಿ, ಒಂದನ್ನು ಬಿಟ್ಟರೆ, ಅವರ ಕಡೆಯವರು ಹಳ್ಳಿಹಳ್ಳಿ ತಿರುಗಿ ಕೂಗುತ್ತಿದ್ದದ್ದು "ಮೊದ್ಲನೇ ಎಸ್ರು, ಮರೀಬ್ಯಾಡಿ" ಎಂದು.

ನನಗೆ ಬಂದ ಬಹುಮಾನ ಬೇರೆ. ಮಾರನೇ ದಿನದಿಂದಲೇ ನಾನು ಅನುಮಪ್ಪನ ಕಡೆಯವಳು ಎಂದು ಊರಿಗೆಲ್ಲ ಆಯಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ರೈಲಿನಲ್ಲಿ ಕೂತರೆ "ನಿಮ್ಮ ಅಣ್ಣ ಏನಂತಾರೆ?" ಎಂದು ಕೇಳುವವರು. ನಾನು ಪ್ರತಿಜ್ಞೆ ಮಾಡಿದವಳಂತೆ ಅವರನ್ನು ಸಾರ್ ಎಂದೇ ಕರೆದೆ. ಅವರ ಮನೆಯ ಮದುವೆಗೆ ಹೋಗಲಿಲ್ಲ, ಅವರು ಕೊಟ್ಟ ಕ್ಯಾಲೆಂಡರು ಗೋಡೆಗೆ ಹಾಕಲಿಲ್ಲ. ಯಾರ ಕಡೆಯವಳೂ ಅಲ್ಲ ಎನ್ನಿಸಿಕೊಳ್ಳುವುದೇ ನನ್ನ ಆಸ್ತಿ ಎಂದುಕೊಂಡಿದ್ದೆ.

ಎರಡನೆಯ ಚುನಾವಣೆಗೆ ಎದುರು ಪಕ್ಷದವರು ಬುದ್ಧಿ ಕಲಿತು ಬಂದರು. ಹುಡುಕಿ ಹುಡುಕಿ ಅಣ್ಣಯ್ಯಪ್ಪ ಎಂಬವರನ್ನು ನಿಲ್ಲಿಸಿದರು. ಅಭ್ಯರ್ಥಿಗಳ ಪಟ್ಟಿ ಮಾಡುವ ದಿನ ಅನುಮಪ್ಪನವರೇ ಬಂದು ನನ್ನ ಮೇಜಿನ ಮುಂದೆ ಕೂತಿದ್ದರು. ನಾನು ಬರೆದದ್ದನ್ನು ತಲೆಕೆಳಗಾಗಿಯೇ ಓದಿದರು.

"ಏನಮ್ಮಾ ರತ್ನಮ್ಮ, ನನ್ನ ಎರಡನೇ ಜಾಗಕ್ಕೆ ಇಳಿಸ್ಬಿಟ್ಟೆ?"

"ಸಾರ್, ಟ ಠ ಡ ಢ ಣ ಮುಗಿದ ಮೇಲೆ ತ ಥ ದ ಧ ನ. ಅಣ್ಣಯ್ಯಪ್ಪನವರ ಣ ಮೊದಲು, ನಿಮ್ಮ ನ ಆಮೇಲೆ."

"ನಮ್ಮೂರಾಗೆ ಯಾವ ಣ, ಯಾವ ನ? ಎಲ್ಲಾ ಒಂದೇಯ."

"ಊರಲ್ಲಿ ಒಂದೇ, ಪುಸ್ತಕದಲ್ಲಿ ಎರಡು."

ಜತೆಗೆ ಬಂದವರು ಗುರುಗುಟ್ಟಿದರು. ಅವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು, ನಮ್ಮ ಜವಾನ ತಂದ ಟೀ ಕುಡಿದರು, ಎದ್ದು ಹೋದರು. ಆ ಸಲವೂ ಗೆದ್ದರು. ಅಣ್ಣಯ್ಯಪ್ಪನವರನ್ನು ಆಮೇಲೆ ಯಾವ ಪಕ್ಷದವರೂ ಹುಡುಕಿಕೊಂಡು ಹೋಗಲಿಲ್ಲ ಪಾಪ.

ಆಗಿನ ಕೆಲಸ ಹೇಗಿತ್ತೆಂದು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಮತಪತ್ರವೆಂದರೆ ಟವೆಲ್ಲಿನಷ್ಟು ಕಾಗದ. ಎಣಿಕೆಗೆ ಮುಂಚೆ ಎಲ್ಲ ಮತಗಟ್ಟೆಗಳ ಮತಪತ್ರವನ್ನೂ ದೊಡ್ಡ ಡ್ರಮ್ಮಿಗೆ ಸುರಿದು ಕಲಸಬೇಕು, ಯಾವ ಊರಿನವರು ಯಾರಿಗೆ ಹಾಕಿದರು ಎಂದು ಗೊತ್ತಾಗಬಾರದು ಅಂತ. ಪೆಟ್ಟಿಗೆ ತೆರೆದರೆ ಮತಪತ್ರದ ಜತೆ ಅರ್ಜಿಗಳೂ ಬೀಳುತ್ತಿದ್ದವು: ಪಿಂಚಣಿ ಬಂದಿಲ್ಲ, ಸೊಸೆ ಊಟ ಹಾಕುವುದಿಲ್ಲ. ಒಂದು ಪೆಟ್ಟಿಗೆಯಲ್ಲಿ ಅರಿಶಿನ ಬಳಿದ ಮತಪತ್ರವಿತ್ತು. ಹಾಕಿದ ತಾಯಿ ಅದನ್ನು ಹುಂಡಿ ಎಂದೇ ತಿಳಿದಿದ್ದಿರಬೇಕು. ಅದನ್ನು ತಿರಸ್ಕರಿಸುವಾಗ ನಮ್ಮ ಎಣಿಕೆ ಮೇಲ್ವಿಚಾರಕರು ಕಣ್ಣಿಗೊತ್ತಿಕೊಂಡು ತಿರಸ್ಕರಿಸಿದರು.

ಮೂರನೆಯ ಚುನಾವಣೆಗೆ ಮುಂಚೆ ಮತದಾರರ ಪಟ್ಟಿಯ ದೊಡ್ಡ ಪರಿಷ್ಕರಣೆ ನಡೆಯಿತು. ನನ್ನ ದೊಡ್ಡ ತಪ್ಪುಗಳಲ್ಲಿ ಮೊದಲನೆಯದು ಆಗ ಆದದ್ದು. ಚಾಂಪಿಯನ್ ರೀಫ್ಸ್‌ನಲ್ಲಿ ಮನೆಮನೆಗೆ ಹೋಗಿ ಹೆಸರು ಬರೆದವರು ಒಬ್ಬ ನಿವೃತ್ತ ತಮಿಳು ಮೇಷ್ಟ್ರು. ಕನ್ನಡ ಬರೆಯಲು ಬಾರದೆ ಚೀಟಿಗಳನ್ನೆಲ್ಲ ತಮಿಳಿನಲ್ಲೇ ತುಂಬಿ ಕೊಟ್ಟರು. ತಮಿಳು ಓದಬಲ್ಲೆನೆಂಬ ಜಂಬ ನನಗೆ. ಕೂತು ಎಲ್ಲವನ್ನೂ ಕನ್ನಡಕ್ಕೆ ಇಳಿಸಿದೆ. ತಮಿಳಿನಲ್ಲಿ ಕ ಗೂ ಗ ಗೂ ಒಂದೇ ಅಕ್ಷರ, ತ ಗೂ ದ ಗೂ ಒಂದೇ. ಒಂದು ಚೀಟಿಯಲ್ಲಿ ನನಗೆ ಕಂಡದ್ದು ಕಾಂತಿ. ಗಂಡೋ ಹೆಣ್ಣೋ ಎಂಬ ಕಡೆ ಶಾಯಿ ಹರಡಿತ್ತು. ಕಾಂತಿ ಎಂದ ಮೇಲೆ ಇನ್ನೇನು, ಹೆಣ್ಣು ಎಂದು ಬರೆದೆ.

ಪಟ್ಟಿ ಪ್ರಕಟವಾದ ವಾರಕ್ಕೆ ಒಬ್ಬರು ಕಚೇರಿಗೆ ಬಂದರು. ಆರಡಿ ಆಳು, ಗಣಿಯಲ್ಲಿ ಕೆಲಸ ಮಾಡಿದ ಭುಜ, ಕಿವಿಯವರೆಗೆ ಮೀಸೆ. ಪಟ್ಟಿಯ ಮೇಲೆ ಬೆರಳಿಟ್ಟು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಕೇಳಿದರು:

"ಅಮ್ಮಾ, ನಾನು ಕಾಂತಿ ಇಲ್ಲಮ್ಮಾ, ಗಾಂಧಿ. ನಮ್ಮಪ್ಪ ಆಸೆಯಾಗಿ ಇಟ್ಟ ಪೇರು. ಇಲ್ಲಿ ಪೊಂಬಳೆ, ಹೆಣ್ಣು ಅಂತ ಹಾಕಿದೀರಿ. ನನ್ನ ಹೆಂಡತಿ ಎರಡು ದಿವಸದಿಂದ ನಗ್ತಾ ಇದಾಳೆ, ಅಡುಗೆ ಮಾಡ್ತಾ ಇಲ್ಲ."

ನಾನು ಕ್ಷಮೆ ಕೇಳಿದೆ, ತಿದ್ದಿದೆ. ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಯಾವ ಹೆಸರನ್ನೂ ಕಣ್ಣಿನಿಂದ ಮಾತ್ರ ಬರೆಯುವುದಿಲ್ಲ, ಆ ಓಣಿಯವರ ಬಾಯಲ್ಲಿ ಒಂದು ಸಲ ಹೇಳಿಸಿ ಕೇಳಿಯೇ ಬರೆಯುವುದು. ಮೇಲಿನವರು ಇದು ತಡವಾಗುತ್ತದೆ ಎಂದು ಗದರಿದರು. ಧಾರವಾಡ ಕಡೆಯಿಂದ ಬಂದ ತಹಶೀಲ್ದಾರರೊಬ್ಬರು ಮಾತ್ರ ನನ್ನ ಜತೆ ಲೈನುಗಳಿಗೆ ಬಂದು, ಮನೆಬಾಗಿಲಲ್ಲಿ ಕೂತು, ಹೆಸರು ಕೇಳಿದರು. ಆಮೇಲೆ "ನಿಮ್ಮ ಮಂದಿಗೆ ಹ ಕೊಡಾಕ ನಾವು ಎರಡು ಲಾರಿ ತರಬೇಕ ನೋಡ್ರಿ" ಎಂದು ತಮಾಷೆ ಮಾಡಿದರು. ಅಂಥ ಅಧಿಕಾರಿಗಳ ಕೈಕೆಳಗೆ ಕೆಲಸ ಮಾಡುವುದು ಸುಖ.

ಮೂರನೆಯದನ್ನೂ ಅನುಮಪ್ಪನವರು ಗೆದ್ದರು. ನಾಲ್ಕನೆಯದಕ್ಕೆ ಮತಯಂತ್ರ ಬಂತು. ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಪ್ರಾತ್ಯಕ್ಷಿಕೆ ಕೊಡುವಾಗ ಒಬ್ಬ ಅಜ್ಜಿ ಗುಂಡಿ ಒತ್ತಿದಳು, ಯಂತ್ರ ಕೂಗಿತು, ಆಕೆ ಹೆದರಿ "ತಪ್ಪು ಮಾಡಿದ್ನಾ?" ಎಂದು ನನ್ನ ಕೈ ಹಿಡಿದಳು. ಆ ಸಲವೂ ಮೊದಲನೇ ಹೆಸರು, ಮೊದಲನೇ ಗುಂಡಿ, ಅನುಮಪ್ಪನವರೇ. ಅಷ್ಟು ಹೊತ್ತಿಗೆ ಪಟ್ಟಿ ಮಾಡುವ ದಿನ ಅವರು ಕಚೇರಿಗೆ ಬರುವುದನ್ನೇ ಬಿಟ್ಟಿದ್ದರು, ಏಜೆಂಟರನ್ನು ಕಳಿಸುತ್ತಿದ್ದರು. ದೊಡ್ಡವರಾದರು, ಇನ್ನು ನಮ್ಮ ಮೇಜಿನ ಟೀ ಅವರಿಗೆ ರುಚಿಸುವುದಿಲ್ಲ ಎಂದು ನಾನು ಅಂದುಕೊಂಡೆ.

ಇನ್ನು ಐದನೆಯದು.

ಆ ಸಲ ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ. ಮುನಿಸಿಕೊಂಡು ಪಕ್ಷೇತರರಾಗಿ ನಿಂತರು. ಹಳೆಯ ಚಿಹ್ನೆ ಹೋಯಿತು, ಮತಪತ್ರದ ನೆತ್ತಿಯೂ ಹೋಯಿತು. ಪಕ್ಷದವರೆಲ್ಲ ಮೇಲೆ, ಅವರ ಕೆಳಗೆ ಪಕ್ಷೇತರರಲ್ಲಿ ಮೊದಲನೆಯವರಾಗಿ ಇವರು. ಉಳಿದದ್ದು ಹೆಸರೊಂದೇ. ಈಗ ಮತಯಂತ್ರದಲ್ಲಿ ಅಭ್ಯರ್ಥಿಯ ಫೋಟೋ ಇರುತ್ತದೆ, ಆಗ ಇರಲಿಲ್ಲ. ಹೆಸರನ್ನು ನಂಬಿಕೊಂಡೇ ಗೆಲ್ಲಬೇಕು.

ನಾಮಪತ್ರದ ಕೊನೆಯ ದಿನ ಗರಿಗರಿ ಬಟ್ಟೆಯ ಇಬ್ಬರು ಒಬ್ಬ ಕೂಲಿಯವನನ್ನು ನಡುವೆ ಹಿಡಿದುಕೊಂಡು ಬಂದರು. ಬಂಗಾರಪೇಟೆ ಮಂಡಿಯಲ್ಲಿ ಮೂಟೆ ಹೊರುವವನು, ಹೆಗಲ ಮೇಲಿನ ಟವೆಲ್ಲಿನಲ್ಲಿ ಇನ್ನೂ ಈರುಳ್ಳಿ ಸಿಪ್ಪೆ ಇತ್ತು. "ಎಸ್ರೇನಪ್ಪಾ?" ಎಂದೆ. ಅವನ ಜತೆ ಅವನ ಮಾತಲ್ಲೇ ಆಡುವುದು ಸರಿ.

"ಅನುಮಪ್ಪ ಕಣಮ್ಮ."

ಗುರುತಿನ ಚೀಟಿ ನೋಡಿದೆ. ಹನುಮಪ್ಪ ಎಂದಿತ್ತು. ಆಟ ಅಲ್ಲೇ ಅರ್ಥವಾಯಿತು. ಒಂದೇ ಹೆಸರಿನ ಒಬ್ಬನನ್ನು ಎದುರು ನಿಲ್ಲಿಸಿ ಮತ ಒಡೆಯುವುದು ಹಳೇ ಕಸುಬು. ಆ ಇಬ್ಬರು ಅವನಿಗೆ ರೇಷನ್ ಕಾರ್ಡು ಮಾಡಿಸಿಕೊಡುತ್ತೇವೆ ಎಂದಿದ್ದರಂತೆ. ಅವನಿಗೆ ಮಾತ್ರ ಇದು ಆಟವಾಗಿರಲಿಲ್ಲ. ಅಭ್ಯರ್ಥಿ ಪ್ರಮಾಣವಚನ ಸ್ವೀಕರಿಸಬೇಕಲ್ಲ, ಎಲ್ಲರೂ ಅದನ್ನು ಬಸ್ಸಿನ ಟಿಕೆಟ್ ಓದಿದ ಹಾಗೆ ಓದಿ ಮುಗಿಸುತ್ತಾರೆ. ಓದಲು ಬಾರದ ಇವನು ಚಪ್ಪಲಿ ಬಿಟ್ಟು, ಕೈ ಮುಗಿದು, ಅಧಿಕಾರಿ ಹೇಳಿಕೊಟ್ಟ ಒಂದೊಂದು ಮಾತನ್ನೂ ತಡೆದು ತಡೆದು ಹೇಳಿದ. ಕಡೆಗೆ ಅವನ ಕಣ್ಣಲ್ಲಿ ನೀರಿತ್ತು.

ನಾಮಪತ್ರ ವಾಪಸು ತೆಗೆದುಕೊಳ್ಳುವ ದಿನ ಮಧ್ಯಾಹ್ನ ಮೂರಕ್ಕೆ ಗಡುವು ಮುಗಿಯಿತು. ಹನುಮಪ್ಪ ವಾಪಸು ತೆಗೆದುಕೊಳ್ಳಲಿಲ್ಲ. ನಾನು ಅಂತಿಮ ಪಟ್ಟಿ ಬರೆಯಲು ಕೂತೆ. ಪಕ್ಷೇತರರ ಗುಂಪಿನ ಮೇಲ್ತುದಿಯಲ್ಲಿ ಅನುಮಪ್ಪ, ಕೆಳತುದಿಯಲ್ಲಿ ಹನುಮಪ್ಪ. ಅಕ್ಷರಮಾಲೆಗೆ ಇದರಲ್ಲಿ ಯಾವ ತಪ್ಪೂ ಇಲ್ಲ. ಆದರೆ ನಿಯಮ ಇನ್ನೊಂದಿದೆ, ಹೊಸಬರು ಇದನ್ನು ಗುರುತು ಹಾಕಿಕೊಳ್ಳಿ: ಇಬ್ಬರು ಅಭ್ಯರ್ಥಿಗಳ ಹೆಸರು ಒಂದೇ ಆಗಿದ್ದರೆ ಪಕ್ಕದಲ್ಲಿ ಅವರ ಕಸುಬನ್ನೋ ಊರನ್ನೋ ಬರೆದು ಬೇರೆ ಬೇರೆ ಎಂದು ತೋರಿಸಬೇಕು. ಒಬ್ಬರ ಮುಂದೆ ಅವರ ಊರು, ಇನ್ನೊಬ್ಬನ ಮುಂದೆ ಮಂಡಿ ಕೂಲಿ ಎಂದು ಎರಡು ಪದ. ಅಷ್ಟು ಬಿದ್ದಿದ್ದರೆ ಯಾವ ಅಜ್ಜಿಗೂ ಗೊಂದಲವಾಗುತ್ತಿರಲಿಲ್ಲ.

ಇವು ಒಂದೇ ಹೆಸರೋ ಅಲ್ಲವೋ? ಹೊರಗಿನಿಂದ ಬಂದ ಕಣ್ಣಿಗೆ ಎರಡು. ಚುನಾವಣಾಧಿಕಾರಿಗಳು ಆಗತಾನೇ ಬಂದ ಯುವಕರು, ಉತ್ತರ ಭಾರತದವರು, ಕನ್ನಡ ಚೆನ್ನಾಗಿ ಕಲಿತಿದ್ದರು, ಪುಸ್ತಕದ ಕನ್ನಡ. ಅನುಮಪ್ಪನವರ ಏಜೆಂಟರಾಗಿ ಬಂದಿದ್ದ ವಕೀಲರು ಬೆಂಗಳೂರಿನವರು, ಕಾಗುಣಿತ ಸರಿಯಿದೆಯೇ ಎಂದು ಮಾತ್ರ ನೋಡಿದರು. ಈ ನೆಲದ ಕಿವಿಗೆ ಇದು ಒಂದೇ ಹೆಸರು ಎಂದು, ಆಟ ಕಟ್ಟಿದವರನ್ನು ಬಿಟ್ಟರೆ, ಆ ಕೊಠಡಿಯಲ್ಲಿ ಗೊತ್ತಿದ್ದದ್ದು ನನ್ನೊಬ್ಬಳಿಗೆ.

ಬಾಯಿಗೆ ಬಂದಿತ್ತು. ಆದರೆ ಅದೇ ವಾರ ನನ್ನ ಮೇಲೆ ದೂರಿನ ಅರ್ಜಿ ಹೋಗಿತ್ತು, ಈಕೆ ಅನುಮಪ್ಪನ ಕಡೆಯವಳು, ಶಾಖೆಯಿಂದ ತೆಗೆಯಿರಿ ಎಂದು. ಅಧಿಕಾರಿಗಳೇ ಅದನ್ನು ನನಗೆ ತೋರಿಸಿ "ನಾನು ನಂಬುವುದಿಲ್ಲ ಮೇಡಂ, ಆದರೆ ಎಚ್ಚರ ಇರಲಿ" ಎಂದಿದ್ದರು. ನಿವೃತ್ತಿಗೆ ಎರಡು ವರ್ಷವೂ ಇರಲಿಲ್ಲ. ಎದುರ ಬೆಂಚಿನಲ್ಲಿ ಆ ಗರಿಗರಿ ಬಟ್ಟೆಯವರು ನನ್ನ ತುಟಿಯನ್ನೇ ನೋಡುತ್ತ ಕೂತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕದಿಯದ ನಾನು ಹೆಗಲು ಮುಟ್ಟಿಕೊಂಡೆ.

"ಎಲ್ಲ ಸರಿ ಇದೆಯಾ ಮೇಡಂ? ನನ್ನ ಗಮನಕ್ಕೆ ತರುವಂಥದ್ದು ಏನಾದರೂ?" ಎಂದು ಅಧಿಕಾರಿಗಳು ಪೆನ್ನು ತೆಗೆದರು.

"ಏನೂ ಇಲ್ಲ ಸಾರ್" ಎಂದೆ. ಅವರು ಸಹಿ ಹಾಕಿದರು.

ಚಿಹ್ನೆ ಹಂಚಿಕೆಯಲ್ಲಿ ಅನುಮಪ್ಪನವರಿಗೆ ನೀರಿನ ಜಗ್ಗು ಬಂತು, ಹನುಮಪ್ಪನಿಗೆ ಟೀ ಕೆಟಲ್ಲು. ಕಪ್ಪು ಬಿಳುಪಿನ ಚಿಕ್ಕ ಚಿತ್ರದಲ್ಲಿ ಎರಡಕ್ಕೂ ಒಂದು ಮೂತಿ, ಒಂದು ಹಿಡಿ.

ಮತದಾನದ ದಿನ ನಾನು ಕಂಟ್ರೋಲ್ ರೂಮಿನ ಫೋನಿನ ಮುಂದೆ ಇದ್ದೆ. ಹತ್ತು ಗಂಟೆಗೆ ಚಾಂಪಿಯನ್ ರೀಫ್ಸ್‌ನ ಮತಗಟ್ಟೆಯಿಂದ ಅಧಿಕಾರಿಯೊಬ್ಬರು ಫೋನು ಮಾಡಿದರು. "ಮೇಡಂ, ಇಲ್ಲಿ ಒಬ್ಬ ಅಜ್ಜಿ ಯಂತ್ರದ ಮುಂದೆ ನಿಂತು, ಎಂಗ ಅನುಮಪ್ಪಾ ಎಂಗ ಇರುಕ್ಕಾರು, ನಮ್ಮ ಅನುಮಪ್ಪ ಎಲ್ಲಿ ಅಂತ ಕೂಗ್ತಾ ಇದಾರೆ. ಮೇಲಿದ್ದವರು ಕೆಳಗೆ ಹೋಗಿಬಿಟ್ಟರಾ ಅಂತ ಕೇಳ್ತಾರೆ. ಏನು ಹೇಳಲಿ?"

"ಏನೂ ಹೇಳೋ ಹಾಗಿಲ್ಲ" ಎಂದೆ. ನಿಯಮ ಅದೇ. ಹಳ್ಳಿಗಳಿಂದಲೂ ಅಂಥವೇ ಫೋನು ಬಂದವು. ತುದಿಯಲ್ಲಿ ಹುಡುಕಿ ರೂಢಿಯಾದ ಜನ. ಮೇಲಿನ ತುದಿಯಲ್ಲಿ ಬೇರೆಯವರಿದ್ದರು, ಕೆಳಗಿನ ತುದಿಯಲ್ಲಿ ಅವರ ಕಿವಿಗೆ ಗೊತ್ತಿದ್ದ ಹೆಸರೇ ಇತ್ತು. ಸಂಜೆವರೆಗೆ ನಾನು "ಹೇಳೋ ಹಾಗಿಲ್ಲ" ಎಂಬ ಮಾತನ್ನು ಎಷ್ಟು ಸಲ ಹೇಳಿದೆನೋ ನನಗೇ ಗೊತ್ತಿಲ್ಲ.

ಎಣಿಕೆ ಮುಗಿದಾಗ ಅನುಮಪ್ಪನವರು ಸೋತಿದ್ದರು. ಸೋತ ಅಂತರಕ್ಕಿಂತ ಹನುಮಪ್ಪನಿಗೆ ಬಂದ ಮತ ಹೆಚ್ಚು. ಎಣಿಕೆ ಕೇಂದ್ರದಲ್ಲಿ ಎಲ್ಲರಿಗೂ ಅದು ಕಂಡಿತು. ಗೆದ್ದವರ ಕಡೆಯವರು ನನ್ನ ಪಕ್ಕದಲ್ಲಿ ಹಾದುಹೋಗುವಾಗ "ರತ್ನಮ್ಮ ಯಾರ ಕಡೇನೂ ಅಲ್ಲ ಬುಡ್ರಪ್ಪಾ" ಎಂದು ನಗಾಡಿದರು. ಅಷ್ಟು ವರ್ಷ ಯಾವ ಮಾತು ಕೇಳಲು ಕಾದಿದ್ದೆನೋ ಅದೇ ಮಾತು. ಕೇಳಿ ನನಗೆ ನಾಚಿಕೆಯಾಯಿತು.

ಒಂದು ತಿಂಗಳು ಕಳೆದಿರಬಹುದು. ಹನುಮಪ್ಪ ಕಚೇರಿಗೆ ಬಂದ. ಟವೆಲ್ಲು ಒಗೆದು ಮಡಿಸಿ ಹೆಗಲ ಮೇಲೆ ಹಾಕಿಕೊಂಡಿದ್ದ.

"ಅಮ್ಮಾ, ನಂಗೆ ಓಟಾಕಿದೋರು ಯಾರ್ ಯಾರು ಅಂತ ಒಂದು ಚೀಟಿ ಬರ್ಕೊಡ್ತೀರಾ?"

"ಯಾಕಪ್ಪಾ?"

"ಅಷ್ಟೊಂದು ಜನ ನಂಬಿ ಆಕವ್ರಲ್ಲಮ್ಮ. ನಾನ್ ಯಾವತ್ತೂ ಅವ್ರ ಮಖ ನೋಡಿಲ್ಲ, ಅವ್ರೂ ನನ್ನ ನೋಡಿಲ್ಲ. ದೇವ್ರ ಮೇಲೆ ಆಣೆ ಬೇರೆ ಮಾಡಿದೀನಿ. ಏನಾದ್ರೂ ಒಂದು ಕೆಲ್ಸ ಮಾಡ್ಕೊಡ್ಬೇಕಲ್ವಾ?"

ಯಾರು ಯಾರಿಗೆ ಹಾಕಿದರು ಎಂದು ಸರ್ಕಾರಕ್ಕೂ ಗೊತ್ತಿರುವುದಿಲ್ಲ ಎಂದೆ. ಅವನು ಒಪ್ಪಲಿಲ್ಲ. ಆಮೇಲೆ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಚಾಂಪಿಯನ್ ರೀಫ್ಸ್ ಕಡೆಯಿಂದ ಹೆಚ್ಚು ಬಂದಿವೆ ಎಂದು ಮಂಡಿಯಲ್ಲಿ ಯಾರೋ ಹೇಳಿದ್ದರಂತೆ. ಭಾನುವಾರ ರೈಲು ಹತ್ತಿ ಹೋಗಿ, ಲೈನಿನ ಮನೆಮನೆ ಬಾಗಿಲಲ್ಲಿ ನಿಂತು, ನಿಮಗೇನು ಬೇಕು ಎಂದು ಕೇಳಿಕೊಂಡು ಬಂದಿದ್ದ. ಒಬ್ಬ ಶಾಲೆಯ ಹುಡುಗಿ ಬರೆದುಕೊಟ್ಟ ಅರ್ಜಿ ಅದು. ಮೂರನೇ ಲೈನಿನ ಬೀದಿ ನಲ್ಲಿ ಮುರಿದು ಬಹಳ ದಿನವಾಗಿತ್ತು.

ಅಪ್ಪಾ, ಅವರು ನಿನಗೆ ಹಾಕಲಿಲ್ಲ, ತಪ್ಪಿ ಬಿದ್ದ ಓಟು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅರ್ಜಿಗೆ ಸ್ವೀಕೃತಿ ಕೊಟ್ಟು, ನಾನೇ ಹಿಂದೆ ಬಿದ್ದು ನಲ್ಲಿ ಹಾಕಿಸಿದೆ. ಅವನ ರೇಷನ್ ಕಾರ್ಡಿಗೂ ಅರ್ಜಿ ಬರೆಸಿದೆ, ಆ ಗರಿಗರಿ ಬಟ್ಟೆಯವರು ಮತ್ತೆ ಅವನ ಕಡೆ ತಲೆಹಾಕಿರಲಿಲ್ಲ. ಅವನದಲ್ಲದ ಮತಕ್ಕೆ ಅವನು ಹೊಣೆ ಹೊರುತ್ತಿದ್ದ. ನಾನು ನನ್ನದೇ ಕೆಲಸದ ಹೊಣೆಯನ್ನು ಎದುರ ಬೆಂಚಿನವರಿಗೆ ಹೆದರಿ ಇಳಿಸಿ ಕೂತಿದ್ದೆ.

ಹೊಸಬರಿಗೆ ಹೇಳುವುದು ಇಷ್ಟು. ತಪ್ಪು ಬರೆದರೆ ತಿದ್ದಬಹುದು, ಗಾಂಧಿಯವರದನ್ನು ತಿದ್ದಿದ ಹಾಗೆ. ಹೇಳಬೇಕಾದಾಗ ಹೇಳದೆ ಬಿಟ್ಟದ್ದಕ್ಕೆ ಯಾವ ನಮೂನೆಯ ಅರ್ಜಿಯೂ ಇಲ್ಲ. ನಿಮ್ಮನ್ನು ಇವರ ಕಡೆಯವರು, ಅವರ ಕಡೆಯವರು ಎಂದು ಅನ್ನುತ್ತಾರೆ, ಅನ್ನಲಿ. ಸರಿಯಾದದ್ದನ್ನು ಮಾಡಿದರೆ ಯಾರಿಗಾದರೂ ಒಬ್ಬರಿಗೆ ಅದರಿಂದ ಲಾಭ ಆಗಿಯೇ ಆಗುತ್ತದೆ. ಅದಕ್ಕೆ ಹೆದರಿ ಕೂತರೆ ಈ ಶಾಖೆ ನಿಮಗಲ್ಲ. ಇಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ಇದೊಂದನ್ನು ಬಿಟ್ಟು ಉಳಿದ ನನ್ನ ಯಾವ ಪಟ್ಟಿಯನ್ನು ತೆಗೆದರೂ ತಲೆ ಎತ್ತಿ ನಿಲ್ಲುತ್ತೇನೆ.

ಹನುಮಪ್ಪ ಬಂದು ಹೋದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅನುಮಪ್ಪನವರ ಊರಿಗೆ ಹೋದೆ. ಅಷ್ಟು ವರ್ಷದಲ್ಲಿ ಅವರ ಮನೆಗೆ ಹೋದದ್ದು ಅದೇ ಮೊದಲು. ಅಂಗಳದಲ್ಲಿ ಲುಂಗಿ ಎತ್ತಿ ಕಟ್ಟಿ ಹಸುವಿನ ಮೈ ತೊಳೆಯುತ್ತಿದ್ದರು. ಸೋತವರ ಮನೆ ಅಂಗಳ, ಇನ್ಯಾರೂ ಇರಲಿಲ್ಲ. ನನ್ನನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು. ಒಳಗೆ ಬಾ ಎಂದರು, ನಾನು ನಿಂತಲ್ಲೇ ಹೇಳಿದೆ.

"ಅಣ್ಣಾ, ಪಟ್ಟಿ ಮಾಡಿದ ದಿವಸ ನಾನು ನೋಡಿದ್ದೆ. ಇಬ್ಬರದೂ ಒಂದೇ ಹೆಸರು, ಪಕ್ಕದಲ್ಲಿ ಊರು ಹಾಕಬೇಕು ಅಂತ ಗೊತ್ತಿತ್ತು. ಸಾಹೇಬರು ಕೇಳಿದರು. ನಾನು ಹೇಳಲಿಲ್ಲ."

ಅವರು ಹಸುವಿನ ಬೆನ್ನ ಮೇಲಿಟ್ಟ ಕೈ ತೆಗೆಯದೆ ನನ್ನ ಕಡೆ ತಿರುಗಿದರು.

"ಯಾಕಮ್ಮಾ?"

"ನಿಮ್ಮ ಕಡೆಯವಳು ಅಂತಾರಲ್ಲ ಅಂತ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬಕೆಟ್ಟಿನಲ್ಲಿ ಕೈ ತೊಳೆದು, ಲುಂಗಿಗೆ ಒರೆಸಿಕೊಂಡು, ಮೆಲ್ಲಗೆ ಹೇಳಿದರು:

"ಊರೋರೆಲ್ಲಾ ನಿನ್ನ ನಮ್ ಕಡೆಯೋಳು ಅಂತಿದ್ರು ರತ್ನಮ್ಮ. ಅಲ್ಲ ಅಂತಿದ್ದೋನು ನಾನೊಬ್ನೇ. ಆಯಮ್ಮ ಯಾರ್ ಕಡೇನೂ ಅಲ್ಲ, ನಿಯಮ ಏನೈತೋ ಅದನ್ನ ಯಾರ್ ಮುಂದಾದ್ರೂ ಏಳ್ತಾಳೆ, ಆಯಮ್ಮ ಇರೋವಾಗ ಪಟ್ಟಿ ನೋಡಾಕೆ ನಾವ್ಯಾಕೆ ಓಗ್ಬೇಕು ಅಂತಿದ್ದೆ. ಅದ್ಕೇ ಕಣಮ್ಮ, ಅವತ್ತು ನಾನು ಬರ್ಲಿಲ್ಲ."